ಬಚ್ಚಲುಮನೆಗೆ ಆಸ್ಪತ್ರೆಯ ಎಸ್ಟಿಮೇಟು ಕೇಳಿದ ದೇಣಿಗೆ ತಾಣ

ಸಾಗರ ತಾಲ್ಲೂಕಿನಲ್ಲಿರುವ ನಮ್ಮ ಹಳೆಯ ಮನೆಯೊಳಗೆ ವೀಲ್‌ಚೇರ್ ಓಡಾಡುವಂತೆ ಮಾಡುವುದಕ್ಕಾಗಿ 2024ರಲ್ಲಿ ನಾವು ಒಂದು ಕ್ರೌಡ್‌ಫಂಡಿಂಗ್ ಜಾಲತಾಣದ ಮೂಲಕ ಸಾರ್ವಜನಿಕರಿಂದ ಹಣ ಕೂಡಿಸಿದೆವು. ಆ ತಾಣದ ಸೇವೆ ಹೇಗಿತ್ತು ಎಂಬುದನ್ನು ಅದೇ ದಾರಿ ಹಿಡಿಯಬೇಕಾಗಿ ಬರುವ ಕುಟುಂಬಗಳಿಗೆ ತಿಳಿಸುವುದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ. ಐದರಲ್ಲಿ ಮೂರು ಅಂಕ ಕೊಡುತ್ತೇನೆ. ಸಂಸ್ಥೆಯ ಹೆಸರನ್ನು ಬೇಕೆಂದೇ ಬರೆದಿಲ್ಲ. ಅರ್ಜಿ ತುಂಬುವ ಮೊದಲು ನಾನು ತೆರೆದು ನೋಡಿದ ಇನ್ನೆರಡು ತಾಣಗಳ ನಮೂನೆಯೂ ಇದೇ ಅಚ್ಚಿನದಾಗಿತ್ತು, ಆದ್ದರಿಂದ ಒಬ್ಬರ ಮೇಲೆ ಮಾತ್ರ ಬೆರಳು ತೋರಿಸುವುದು ನ್ಯಾಯವಾಗದು. ನಾನು 31 ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದವನು. ಲೆಕ್ಕದ ಕಡೆಗೆ ಕಣ್ಣು ಹೆಚ್ಚು ಹೊರಳಿದ್ದರೆ ಓದುಗರು ಹೊಂದಿಕೊಳ್ಳಬೇಕು.

ಕಾಯಿಲೆ ನನ್ನ ತಮ್ಮನ ಮಗನದು. ಅವನಿಗೆ ಡುಶೇನ್ ಸ್ನಾಯುಕ್ಷಯ. ಸುಮಾರು 3,500ರಿಂದ 5,000 ಗಂಡುಮಕ್ಕಳಲ್ಲಿ ಒಬ್ಬರಿಗೆ ಬರುವ ಈ ಕಾಯಿಲೆಯಲ್ಲಿ ಡಿಸ್ಟ್ರೋಫಿನ್ ಎಂಬ ಪ್ರೋಟೀನು ದೇಹದಲ್ಲಿ ತಯಾರಾಗುವುದಿಲ್ಲ. ಅದಿಲ್ಲದ ಸ್ನಾಯು ಸವೆಯುತ್ತಾ ಹೋಗುತ್ತದೆ. ನಾಲ್ಕನೆಯ ವಯಸ್ಸಿನಲ್ಲಿ ಅವನು ನೆಲದಿಂದ ಏಳುವಾಗ ತನ್ನ ತೊಡೆಗಳ ಮೇಲೆಯೇ ಕೈಯೂರಿ, ಮೈಯನ್ನು ಹತ್ತಿದಂತೆ ಮೇಲೇಳುತ್ತಿದ್ದುದನ್ನು ನಾವು ತುಂಟತನವೆಂದುಕೊಂಡಿದ್ದೆವು. ಅದೇ ಈ ರೋಗದ ಮೊದಲ ಗುರುತು ಎಂದು ತಿಳಿದದ್ದು ಬೆಂಗಳೂರಿನ ನಿಮ್ಹಾನ್ಸಿಗೆ ಹೋದ ಮೇಲೆ. ಹತ್ತು ತುಂಬುವ ಹೊತ್ತಿಗೆ ನಡಿಗೆ ನಿಂತಿತು. ಸ್ಟೀರಾಯ್ಡ್ ಔಷಧ ಸ್ನಾಯುವಿನ ಸವೆತವನ್ನು ನಿಧಾನಗೊಳಿಸುತ್ತದೆ, ಜೊತೆಗೆ ತೂಕವನ್ನೂ ಏರಿಸುತ್ತದೆ. 11ನೆಯ ವಯಸ್ಸಿಗೆ ಅವನು 43 ಕಿಲೋ ಇದ್ದ. ಅವನ ತಾಯಿಯ ತೂಕ 51 ಕಿಲೋ. ದಿನಕ್ಕೆ ಆರೇಳು ಸಲ ಅವಳು ಅವನನ್ನು ಎತ್ತುತ್ತಿದ್ದಳು. ನಮಗೆ ಮನೆಯೊಳಗೆ ಬದಲಾವಣೆ ಮಾಡಿಸುವ ಯೋಚನೆ ಬಂದದ್ದು ಹುಡುಗನ ಕಾಲಿನಿಂದಲ್ಲ, ಅವಳ ಸೊಂಟದಿಂದ.

ಮನೆಯ ವಿಷಯ ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ತಾಣದವರಿಗೆ ಅರ್ಥವಾಗದೆ ಹೋದದ್ದು ಅದೇ. ಜಂಬಿಟ್ಟಿಗೆಯ ಗೋಡೆ, ಹೆಂಚಿನ ಮಾಡು, ಅಂಗಳದಿಂದ ಜಗಲಿಗೆ ಆರಾರು ಇಂಚಿನ ಮೂರು ಮೆಟ್ಟಿಲು, ಜಗಲಿಯಿಂದ ನಡುಮನೆಗೆ ಐದಿಂಚು ಎತ್ತರದ ಹೊಸ್ತಿಲು, ಕೋಣೆಗಳಿಗೆ ಎರಡೂಕಾಲು ಅಡಿಯ ಬಾಗಿಲು. ಬಚ್ಚಲುಮನೆ ಹಿಂದುಗಡೆ, ಅಡಿಗೆಮನೆಯಿಂದ ಎರಡು ಮೆಟ್ಟಿಲು ಇಳಿದು ಹೋಗಬೇಕು. ಅಲ್ಲಿ ಒಲೆ, ಹಂಡೆ, ಜಾರುವ ಕಪ್ಪು ಕಲ್ಲು. ಪಾಯಿಖಾನೆ ಅದಕ್ಕೂ ಆಚೆ, ಹಿತ್ತಿಲಲ್ಲಿ, ಮತ್ತೆ ಎರಡು ಮೆಟ್ಟಿಲು ಹತ್ತಿ. ಮಲೆನಾಡಿನ ಮಳೆಗಾಲದಲ್ಲಿ 43 ಕಿಲೋದ ಹುಡುಗನನ್ನು ಕೊಡೆ ಹಿಡಿದುಕೊಂಡು ಅಲ್ಲಿಗೆ ಹೊತ್ತೊಯ್ಯಲು ಇಬ್ಬರು ಸಾಲುವುದಿಲ್ಲ, ಮೂರನೆಯವರೂ ಬೇಕು. ಈ ಕಾರಣಕ್ಕೆ ಅವನು ಮಧ್ಯಾಹ್ನದ ಮೇಲೆ ನೀರು ಕುಡಿಯುವುದನ್ನೇ ಬಿಟ್ಟಿದ್ದನೆಂಬುದು ನಮಗೆ ಬಹಳ ತಡವಾಗಿ ತಿಳಿಯಿತು.

ಸರ್ಕಾರದ ಯೋಜನೆಗಳನ್ನು ನಾವು ನೋಡದೆ ಇರಲಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆ ಗುರುತಿಸಿರುವ 21 ಬಗೆಯ ಅಂಗವೈಕಲ್ಯಗಳಲ್ಲಿ ಸ್ನಾಯುಕ್ಷಯವೂ ಸೇರಿದೆ. ಅಂಗವಿಕಲರಿಗೆ ಸರ್ಕಾರ ಕೊಡುವ ಯುಡಿಐಡಿ ಗುರುತಿನ ಕಾರ್ಡು ಸಿಕ್ಕಿತು, ಅದರ ಬಲದಿಂದ ವೀಲ್‌ಚೇರ್ ಸಿಕ್ಕಿತು. ಆಯುಷ್ಮಾನ್ ಕಾರ್ಡು ಆಸ್ಪತ್ರೆಯ ಹಾಸಿಗೆಗೆ ಹಣ ಕೊಡುತ್ತದೆ. 2021ರ ರಾಷ್ಟ್ರೀಯ ಅಪರೂಪದ ಕಾಯಿಲೆಗಳ ನೀತಿಯಡಿ ಗೊತ್ತುಪಡಿಸಿದ ಕೇಂದ್ರಗಳಲ್ಲಿ 50 ಲಕ್ಷ ರೂಪಾಯಿಯವರೆಗೆ ನೆರವಿಗೆ ಅವಕಾಶವಿದೆ, ಆದರೆ ಅದು ಚಿಕಿತ್ಸೆಗೆ. ಮನೆಯ ಬಾಗಿಲು ಅಗಲ ಮಾಡುವುದನ್ನು ಚಿಕಿತ್ಸೆಯೆಂದು ಕರೆಯುವ ಒಂದು ನಮೂನೆಯೂ ನಮಗೆ ಸಿಗಲಿಲ್ಲ. ಇಂಗ್ಲೆಂಡಿನಲ್ಲಿರುವ ನನ್ನ ಸೋದರತ್ತೆಯ ಮಗ ಫೋನಿನಲ್ಲಿ ಹೇಳಿದ ಪ್ರಕಾರ, ಅಲ್ಲಿ ಅಂಗವಿಕಲ ಮಗುವಿನ ಮನೆಯನ್ನು ಹೊಂದಿಸಿಕೊಡಲು ಸ್ಥಳೀಯ ಆಡಳಿತ 30,000 ಪೌಂಡಿನವರೆಗೆ ಅನುದಾನ ಕೊಡಬೇಕೆಂದು ಕಾನೂನೇ ಇದೆ, ಮಗು 18ರೊಳಗಿದ್ದರೆ ತಂದೆತಾಯಿಯ ಆದಾಯವನ್ನು ಕೇಳುವುದೂ ಇಲ್ಲ. ಕೇಳಿ ಸುಮ್ಮನಾದೆವು.

ನಮ್ಮ ಅಂದಾಜು ಪಟ್ಟಿ 5,50,000 ರೂಪಾಯಿಗೆ ನಿಂತಿತು. ಕಂಬಿ ಸಮೇತ ರ‍್ಯಾಂಪಿಗೆ 78,000. ಮೂರು ಬಾಗಿಲು ಅಗಲಿಸಿ ಹೊಸ್ತಿಲು ಮಟ್ಟ ಮಾಡಲು 61,000. ಹುಡುಗನ ಕೋಣೆಗೆ ಅಂಟಿಕೊಂಡಂತೆ ಹೊಸ ಬಚ್ಚಲು, ಪಾಯಿಖಾನೆ ಕಟ್ಟಲು 2,92,000. ಅವನನ್ನು ಹಾಸಿಗೆಯಿಂದ ಎತ್ತಿ ಕುರ್ಚಿಯಲ್ಲಿ ಕೂರಿಸುವ ಹೈಡ್ರಾಲಿಕ್ ಎತ್ತುಗಾಡಿಗೂ ಅದರ ಎರಡು ಜೋಲಿಗಳಿಗೂ 52,000. ಸ್ನಾನದ ಗಾಲಿಕುರ್ಚಿಗೆ 9,000. ಇನ್ವರ್ಟರು ಮತ್ತು ಬ್ಯಾಟರಿಗಳಿಗೆ 58,000. ಕೈಮೀರಿದ ಖರ್ಚಿಗೆಂದು ಇನ್ನೊಂದು 50,000 ಸೇರಿಸಿ ಗುರಿಯನ್ನು 6,00,000 ಎಂದಿಟ್ಟೆವು. ಇನ್ವರ್ಟರು ಏಕೆಂದು ಹಲವರು ಕೇಳಿದರು. ಈ ಕಾಯಿಲೆ ಕೈಕಾಲುಗಳಲ್ಲಿ ನಿಲ್ಲುವುದಿಲ್ಲ. ಕೆಲವು ವರ್ಷಗಳ ನಂತರ ಉಸಿರಾಟದ ಸ್ನಾಯುಗಳೂ ಸೋಲುತ್ತವೆ, ಆಗ ರಾತ್ರಿ ಮಲಗುವಾಗ ಉಸಿರಾಟಕ್ಕೆ ನೆರವಾಗುವ ಬೈಪ್ಯಾಪ್ ಯಂತ್ರ ಬೇಕಾಗುತ್ತದೆ, ನಮ್ಮ ಕಡೆ ಗಾಳಿಮಳೆಗೆ ಒಂದು ಮರ ಬಿದ್ದರೆ ಎರಡು ದಿನ ಕರೆಂಟು ಇರುವುದಿಲ್ಲ. ನಿಮ್ಹಾನ್ಸಿನ ಪುನಶ್ಚೇತನ ವಿಭಾಗದಲ್ಲಿ ನಮಗೆ ಹೇಳಿದ ಮಾತು ನೆನಪಿನಲ್ಲಿದೆ: ಈಗಿನ 11 ವರ್ಷದ ಹುಡುಗನಿಗಾಗಿ ಕಟ್ಟಬೇಡಿ, ಅವನಿಗೆ 16 ಆದಾಗ ಏನು ಬೇಕೋ ಅದನ್ನು ಈಗಲೇ ಕಟ್ಟಿ.

ಇನ್ನು ತಾಣದ ವಿಷಯ. ಖಾತೆ ತೆರೆಯುವುದು ಸುಲಭ, ಅರ್ಧ ಗಂಟೆಯ ಕೆಲಸ. ಆಧಾರ್, ಪ್ಯಾನ್, ಬ್ಯಾಂಕಿನ ಪಾಸ್‌ಬುಕ್ಕಿನ ಪ್ರತಿ ಕೇಳುತ್ತಾರೆ. ಮರುದಿನವೇ ಒಬ್ಬ ಅಧಿಕಾರಿಯನ್ನು ನಮಗೆಂದೇ ಗೊತ್ತುಮಾಡಿ ಫೋನು ಮಾಡಿಸುತ್ತಾರೆ. ಆ ಹುಡುಗಿ ಸೌಜನ್ಯದಿಂದ ಕನ್ನಡದಲ್ಲೇ ಮಾತನಾಡಿದಳು. ತೊಡಕು ಬಂದದ್ದು ‘ಆಸ್ಪತ್ರೆಯ ಹೆಸರು’ ಎಂಬ ಜಾಗದಲ್ಲಿ. ಅದನ್ನು ತುಂಬದೆ ಅರ್ಜಿ ಮುಂದಕ್ಕೆ ಹೋಗುವುದಿಲ್ಲ. ನಂತರದ ಜಾಗ ‘ದಾಖಲಾದ ದಿನಾಂಕ’, ಅದರ ನಂತರದ್ದು ‘ಆಸ್ಪತ್ರೆಯ ಲೆಟರ್‌ಹೆಡ್ಡಿನ ಮೇಲೆ ಚಿಕಿತ್ಸಾ ವೆಚ್ಚದ ಎಸ್ಟಿಮೇಟು’. ನಮ್ಮ ಎಸ್ಟಿಮೇಟು ಇದ್ದದ್ದು ಮೇಸ್ತ್ರಿಯ ನೋಟುಪುಸ್ತಕದ ಎರಡು ಹಾಳೆಯ ಮೇಲೆ, ಸಿಮೆಂಟಿನ ಚೀಲಗಳ ಲೆಕ್ಕ, ಕಲ್ಲಿನ ಲೆಕ್ಕ, ಆಳಿನ ಲೆಕ್ಕದೊಂದಿಗೆ. ಅದನ್ನು ಫೋಟೋ ತೆಗೆದು ಹಾಕಿದೆವು. ತಿರಸ್ಕೃತವಾಯಿತು. ಟೈಪು ಮಾಡಿಸಿ ಮೇಸ್ತ್ರಿಯ ಸಹಿಯೊಂದಿಗೆ ಹಾಕಿದೆವು, ಅದೂ ತಿರಸ್ಕೃತವಾಯಿತು. ಕಾರಣ, ‘ವೈದ್ಯಕೀಯ ದಾಖಲೆ ಅಲ್ಲ’. ಹಾಗಿದ್ದರೆ ವೈದ್ಯಕೀಯೇತರ ವಿಭಾಗದಲ್ಲಿ ಹಾಕುತ್ತೇವೆಂದರೆ, ಅಲ್ಲಿ ಹಾಕಿದ ಅಭಿಯಾನಗಳನ್ನು ತಾಣದ ಮುಖಪುಟದಲ್ಲಿ ತೋರಿಸುವುದಿಲ್ಲವೆಂದು ತಿಳಿಯಿತು.

ಕೊನೆಗೆ ದಾರಿ ತೋರಿಸಿದವಳು ಆ ಅಧಿಕಾರಿಯೇ. ನರರೋಗ ತಜ್ಞರಿಂದ ರೋಗದ ಹಂತವನ್ನೂ, ಮನೆಯಲ್ಲಿ ಇಂತಿಂಥ ಬದಲಾವಣೆ ವೈದ್ಯಕೀಯವಾಗಿ ಅಗತ್ಯವೆಂಬುದನ್ನೂ ಬರೆಸಿಕೊಂಡು, ಅದರ ಹಿಂದೆ ಮೇಸ್ತ್ರಿಯ ಲೆಕ್ಕವನ್ನು ಲಗತ್ತಿಸಿದರೆ ನಡೆಯಬಹುದೆಂದಳು. ಅದಕ್ಕಾಗಿ ತಮ್ಮ ಮತ್ತೊಮ್ಮೆ ಬೆಂಗಳೂರಿಗೆ ಹೋಗಿಬಂದ. ರೋಗಿಯ ದಿನನಿತ್ಯದ ಓಡಾಟ, ಕೆಲಸಗಳಿಗೆ ಅನುಕೂಲ ಹೇಳಿಕೊಡುವ ಆಕ್ಯುಪೇಷನಲ್ ಥೆರಪಿಯವರು ಮನೆಯ ವೀಡಿಯೋ ನೋಡಿ, ಅಳತೆಗಳ ಸಮೇತ ಒಂದು ಪುಟ ಬರೆದುಕೊಟ್ಟರು: ಬಾಗಿಲು ಕನಿಷ್ಠ 900 ಮಿಲಿಮೀಟರು, ಬಚ್ಚಲಿನಲ್ಲಿ ಕುರ್ಚಿ ತಿರುಗಲು 1,500 ಮಿಲಿಮೀಟರು ಜಾಗ, ರ‍್ಯಾಂಪು ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದ. ಈ ಒಂದು ಪುಟದಿಂದ ನಮ್ಮ ಹಣ ಸಂಗ್ರಹಕ್ಕೂ ಕಟ್ಟಡಕ್ಕೂ ಬಂದ ಉಪಕಾರವನ್ನು ಲೆಕ್ಕ ಹಾಕಲಾಗದು. ಮನೆಗಾಗಿ ಹಣ ಎತ್ತಲು ಹೊರಡುವವರು ಮೇಸ್ತ್ರಿಯನ್ನು ಕರೆಯುವ ಮೊದಲೇ ಇದನ್ನು ಬರೆಸಿಕೊಳ್ಳಬೇಕು. ನಾವು ಉಲ್ಟಾ ಮಾಡಿ ಐದು ವಾರ ಕಳೆದುಕೊಂಡೆವು.

ಹೀಗೆ ಒಪ್ಪಿಗೆ ಸಿಕ್ಕ ಮೇಲೂ ಪಟ್ಟಿಯ ಒಂದು ಬಾಬತ್ತಿಗೆ ಕೊಕ್ಕೆ ಬಿತ್ತು. ಮುಂಬಾಗಿಲಿನ ಹೊಸ್ತಿಲು ತೆಗೆದು ನೆಲದ ಮಟ್ಟಕ್ಕೆ ಹಿತ್ತಾಳೆಯ ಪಟ್ಟಿ ಕೂರಿಸಲು 3,200 ರೂಪಾಯಿ ಎಂದು ನಾವು ಬರೆದಿದ್ದೆವು. ಅದು ಅಲಂಕಾರದ ಖರ್ಚು, ತೆಗೆದುಹಾಕಿ ಎಂದು ಪರಿಶೀಲನಾ ವಿಭಾಗದಿಂದ ಇಮೇಲು ಬಂತು. ಇದನ್ನು ಅವರಿಗೆ ಹೇಗೆ ವಿವರಿಸುವುದು? ನಮ್ಮ ಅಮ್ಮನಿಗೆ 82 ವರ್ಷ. ಮದುವೆಯಾಗಿ ಬಂದಾಗಿನಿಂದ ಆ ಸಾಗುವಾನಿ ಹೊಸ್ತಿಲಿಗೆ ದಿನವೂ ಬೆಳಿಗ್ಗೆ ಅರಿಸಿನ ಕುಂಕುಮ ಇಟ್ಟು ರಂಗೋಲಿ ಎಳೆದವರು. ಹೊಸ್ತಿಲು ಕೊಯ್ಯುವ ಮಾತನ್ನು ಅವರ ಮುಂದೆ ಎತ್ತಲು ನಮಗೆ ಧೈರ್ಯವಿರಲಿಲ್ಲ. ರ‍್ಯಾಂಪನ್ನು ಪಕ್ಕದ ಬಾಗಿಲಿಗೆ ತಿರುಗಿಸುವ ನಕ್ಷೆಯನ್ನೂ ಮಾಡಿಸಿದ್ದೆವು. ಅದನ್ನು ಕೇಳಿ ಅವರು, “ಮನೆಯ ಮಗ ಕೊಟ್ಟಿಗೆ ಬಾಗಿಲಲ್ಲಿ ಯಾಕೆ ಬರಬೇಕು? ಮುಂಬಾಗಿಲಲ್ಲೇ ಬರಲಿ, ಹೊಸ್ತಿಲು ತೆಗೀರಿ” ಎಂದರು. ಆದರೆ ರಂಗೋಲಿಗೆ ಒಂದು ಗೆರೆಯಾದರೂ ಬೇಕೆಂದರು. ಹಿತ್ತಾಳೆಯ ಪಟ್ಟಿ ಬಂದದ್ದು ಹಾಗೆ. ಅದನ್ನು ಅಂದಾಜು ಪಟ್ಟಿಯಿಂದ ತೆಗೆದೆವು, ಮನೆಯ ಕೈಯಿಂದ ಹಾಕಿಸಿದೆವು. ಅವರ ನಿಯಮದ ಪ್ರಕಾರ ಅವರು ಮಾಡಿದ್ದು ತಪ್ಪಲ್ಲ. ಆದರೂ ಆಸ್ಪತ್ರೆಯ ಬಿಲ್ಲು ಓದಲು ಕಲಿತ ಕಣ್ಣು ಮನೆಯನ್ನು ಓದಲಾರದು ಎಂಬ ಅನುಮಾನ ನನಗೆ ಖಚಿತವಾದದ್ದು ಆ ಇಮೇಲಿನಿಂದ.

ಅದಕ್ಕಿಂತ ಹೆಚ್ಚು ಬೇಸರ ತಂದದ್ದು ಫೋಟೋ ವಿಷಯ. ನಾವು ಕಳಿಸಿದ್ದು ಹುಡುಗ ಜಗಲಿಯ ಮೇಲೆ ಕೂತು ಕೇರಂ ಆಡುತ್ತಿರುವ ಚಿತ್ರ. ಅವನ ಹಿಂದೆ ಮೂರು ಮೆಟ್ಟಿಲುಗಳು ಸ್ಪಷ್ಟವಾಗಿ ಕಾಣುತ್ತಿದ್ದವು, ನಮ್ಮ ಕೋರಿಕೆಯೇ ಆ ಮೆಟ್ಟಿಲುಗಳ ಬಗ್ಗೆ. ಆಸ್ಪತ್ರೆಯ ಹಾಸಿಗೆಯ ಮೇಲಿನ, ಮೂಗಿನಲ್ಲಿ ನಳಿಗೆ ಇರುವ ಚಿತ್ರ ಇದ್ದರೆ ‘ಹೆಚ್ಚು ಸ್ಪಂದನೆ’ ಬರುತ್ತದೆಂದು ಉತ್ತರ ಬಂತು. ಶೀರ್ಷಿಕೆಯಲ್ಲಿ ‘ಸಾವಿನೊಡನೆ ಹೋರಾಡುತ್ತಿರುವ’ ಎಂಬ ಮಾತನ್ನು ಅವರೇ ಸೇರಿಸಿ ಕರಡು ಕಳಿಸಿದ್ದರು. ತಮ್ಮನ ಹೆಂಡತಿ ಒಂದೇ ಮಾತು ಕೇಳಿದಳು: “ಅವನಿಗೆ ಓದಲು ಬರುತ್ತದೆ ಎಂದು ಅವರಿಗೆ ಹೇಳಿದ್ದೀರಾ, ಭಾವ?” ಹೇಳಿದೆ. ಆ ಮಾತನ್ನು ತೆಗೆದರು. ಚಿತ್ರವೂ ನಮ್ಮದೇ ಉಳಿಯಿತು. ಒತ್ತಾಯ ಮಾಡಲಿಲ್ಲ ಎಂಬುದನ್ನು ಅವರ ಪರವಾಗಿ ಬರೆಯಲೇಬೇಕು, ಆದರೆ ಕೇಳದೆ ಇದ್ದಿದ್ದರೆ ಆ ಶೀರ್ಷಿಕೆಯೇ ಊರೆಲ್ಲ ಹರಿದಾಡುತ್ತಿತ್ತು.

ಪುಟದ ಕನ್ನಡ ರೂಪವನ್ನು ಯಂತ್ರದಿಂದ ಮಾಡಿಸಿದ್ದರು. ಹಾಸಿಗೆಯಿಂದ ಕುರ್ಚಿಗೆ ಹುಡುಗನನ್ನು ಸಾಗಿಸುವುದಕ್ಕೆ ಇಂಗ್ಲಿಷಿನಲ್ಲಿ ಟ್ರಾನ್ಸ್‌ಫರ್ ಎನ್ನುತ್ತಾರಷ್ಟೆ. ಕನ್ನಡ ಪುಟದಲ್ಲಿ ‘ಮಗುವಿನ ಸುರಕ್ಷಿತ ವರ್ಗಾವಣೆಗೆ ದಯವಿಟ್ಟು ನೆರವಾಗಿ’ ಎಂದಿತ್ತು. ಕೊಂಡಿಯನ್ನು ಮೊದಲು ತೆರೆದ ನನ್ನ ಹಳೆಯ ಸಹೋದ್ಯೋಗಿಯೊಬ್ಬರು, ಯಾವ ಇಲಾಖೆಯಲ್ಲಿ ವರ್ಗಾವಣೆ, ಅಲ್ಲಿ ನನಗೆ ಗೊತ್ತಿದ್ದವರಿದ್ದಾರೆ ಎಂದು ಫೋನು ಮಾಡಿದರು. ಹುಡುಗ ಎರಡು ದಿನ ಇದನ್ನೇ ಹೇಳಿಕೊಂಡು ನಕ್ಕ. ಕನ್ನಡವನ್ನು ಪೂರ್ತಿ ನಾನೇ ಬರೆದುಕೊಟ್ಟೆ. ಬದಲಾಯಿಸಲು ನಾಲ್ಕು ದಿನ ತೆಗೆದುಕೊಂಡರು.

ಹಣದ ಲೆಕ್ಕಕ್ಕೆ ಬರುತ್ತೇನೆ. ಒಟ್ಟು 241 ಜನ 4,37,000 ರೂಪಾಯಿ ಕೊಟ್ಟರು. ತಾಣ ತನಗಾಗಿ ಏನನ್ನೂ ಹಿಡಿದುಕೊಳ್ಳುವುದಿಲ್ಲವೆಂದು ಮುಖಪುಟದಲ್ಲಿ ದೊಡ್ಡ ಅಕ್ಷರದಲ್ಲಿದೆ. ಅದು ನಿಜ. ಆದರೆ ಪಾವತಿಯ ವೆಚ್ಚವೆಂದು ಶೇ 3, ಅದರ ಮೇಲೆ ಶೇ 18ರ ಜಿಎಸ್‌ಟಿ, ಹೀಗೆ 15,470 ರೂಪಾಯಿ ಕಳೆದು 4,21,530 ನಮ್ಮ ಕೈಗೆ ಬಂತು. ಇದರಲ್ಲಿ ತಕರಾರಿಲ್ಲ, ಲೆಕ್ಕ ಪೈಸೆಗೆ ಪೈಸೆ ಸರಿಯಾಗಿತ್ತು, ಪ್ರತಿ ದೇಣಿಗೆಗೂ ದಿನಾಂಕ, ರಸೀದಿ ಸಂಖ್ಯೆ ಇದ್ದವು, ನಾನು ಕೈಯಲ್ಲಿ ಬರೆದಿದ್ದರೆ ಇಷ್ಟು ಚೊಕ್ಕಟವಾಗಿ ಇಡುತ್ತಿರಲಿಲ್ಲ. ತಕರಾರು ಇರುವುದು ಟಿಪ್ಸಿನ ಬಗ್ಗೆ. ದಾನಿಯು ಮೊತ್ತ ನಮೂದಿಸಿದ ಕೂಡಲೇ ಕೆಳಗೆ ತಾಣದ ನಿರ್ವಹಣೆಗೆಂದು ಶೇ 14 ತಾನಾಗಿಯೇ ಸೇರಿಕೊಂಡಿರುತ್ತದೆ. ಬೇಡವಾದವರು ಅದನ್ನು ಹುಡುಕಿ ಸೊನ್ನೆಗೆ ಇಳಿಸಬೇಕು. ನಮ್ಮೂರಿನ ನಿವೃತ್ತ ಮೇಷ್ಟರೊಬ್ಬರು 5,000 ಕೊಡಲು ಹೋಗಿ ಖಾತೆಯಿಂದ 5,700 ಹೋದದ್ದನ್ನು ಕಂಡು, ಆ 700 ನಮಗೇ ಬಂದಿದೆಯೆಂದು ತಿಳಿದಿದ್ದರು. ಹಾಗೆ ತಿಳಿದವರು ಇನ್ನೆಷ್ಟು ಮಂದಿಯೋ. ಸಂಸ್ಥೆಗೂ ಸಂಬಳ, ಬಾಡಿಗೆ ಇರುತ್ತವೆ, ಕೇಳಿ ತೆಗೆದುಕೊಳ್ಳಲಿ. ವಯಸ್ಸಾದವರ ಕಣ್ಣಿಗೆ ಬೀಳದ ಜಾಗದಲ್ಲಿ ಮೊದಲೇ ಗುರುತು ಹಾಕಿಡುವುದು ಕೇಳಿದಂತೆ ಆಗುವುದಿಲ್ಲ. ಆ ದಿನದಿಂದ ನಾನು ಕೊಂಡಿ ಕಳಿಸುವಾಗಲೆಲ್ಲ ಟಿಪ್ಸನ್ನು ಇಳಿಸುವ ಬಗೆಯನ್ನೂ ಎರಡು ಸಾಲಿನಲ್ಲಿ ಬರೆದು ಕಳಿಸತೊಡಗಿದೆ.

ತಾಣದ ಮೂಲಕ ಲಕ್ಷಾಂತರ ಅಪರಿಚಿತರನ್ನು ತಲುಪಬಹುದೆಂದು ಅವರ ಜಾಹೀರಾತು. ಒಂದು ಸಂಜೆ ಕೂತು 241 ಹೆಸರುಗಳನ್ನೂ ಓದಿದೆ. 190 ಮಂದಿ ನೇರವಾಗಿಯೋ ಒಬ್ಬರ ಮೂಲಕವೋ ನಮಗೆ ಗೊತ್ತಿದ್ದವರು: ನೆಂಟರು, ಬ್ಯಾಂಕಿನವರು, ಹುಡುಗನ ಶಾಲೆಯ ಮಕ್ಕಳ ಪೋಷಕರು, ಅಡಿಕೆ ಮಂಡಿಯವರು, ಬೆಂಗಳೂರಿಗೆ ಹೋಗಿ ನೆಲೆಸಿದ ಊರಿನ ಹುಡುಗರು. ಉಳಿದ 51 ಮಂದಿಯಿಂದ ಬಂದದ್ದು 38,450 ರೂಪಾಯಿ. ಅಪರಿಚಿತರು ಮನೆಗೆ ಏಕೆ ಕೊಡುವುದಿಲ್ಲವೆಂಬುದು ನನಗೆ ಅರ್ಥವಾಗುತ್ತದೆ. ಕ್ರೌಡ್‌ಫಂಡಿಂಗ್ ಎಂದರೆ ನಮ್ಮ ಜನಕ್ಕೆ ನೆನಪಾಗುವುದು ಎಸ್‌ಎಂಎ ಎಂಬ ಸ್ನಾಯುದೌರ್ಬಲ್ಯದ ಕಾಯಿಲೆಯ ಕೂಸುಗಳಿಗಾಗಿ 16 ಕೋಟಿಯ ಚುಚ್ಚುಮದ್ದಿಗೆ ನಡೆದ ಸಂಗ್ರಹಗಳು. ಅಲ್ಲಿ ಒಂದು ಔಷಧವಿದೆ, ಒಂದು ಗಡುವಿದೆ, ಕೊಟ್ಟರೆ ಬದುಕು ಎಂಬ ನೇರವಾದ ಮಾತಿದೆ. ಡುಶೇನ್ ಕಾಯಿಲೆಗೂ 2023ರ ಜೂನ್‌ನಲ್ಲಿ ಅಮೆರಿಕದಲ್ಲಿ ಒಂದು ಜೀನ್ ಚಿಕಿತ್ಸೆಗೆ ಒಪ್ಪಿಗೆ ಸಿಕ್ಕಿತು, ಬೆಲೆ 32 ಲಕ್ಷ ಡಾಲರು, ಆಗ ಒಪ್ಪಿಗೆ ಇದ್ದದ್ದು ನಾಲ್ಕೈದು ವರ್ಷದ ಮಕ್ಕಳಿಗೆ ಮಾತ್ರ. ಅದಕ್ಕಾಗಿ ಏಕೆ ಹಣ ಎತ್ತುತ್ತಿಲ್ಲವೆಂದು ಪುಟದ ಕೆಳಗೆ ಮೂವರು ಕೇಳಿದ್ದರು. ನಾವು ಕೇಳುತ್ತಿದ್ದದ್ದು ಹುಡುಗ ಇನ್ನೊಬ್ಬರಿಗೆ ಹೊರೆಯಾಗದೆ ಉಚ್ಚೆ ಮಾಡಿಬರುವಂಥ ಒಂದು ಕೋಣೆ. ಅದನ್ನು ಪರದೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದರೆ ಯಾರ ಬೆರಳೂ ನಿಲ್ಲುವುದಿಲ್ಲ, ಆದರೆ ನಮ್ಮ ಹಿತ್ತಿಲನ್ನು ಒಮ್ಮೆ ನೋಡಿದವರಿಗೆ ಬಿಡಿಸಿ ಹೇಳಬೇಕಾಗಿಯೇ ಬರಲಿಲ್ಲ.

ಹಾಗೆಂದು ಊರಿನ ದಾರಿಯೇ ಮೇಲು ಎಂದೂ ಹೇಳಲಾರೆ. ನಮ್ಮ ಕಡೆ ಇಂಥ ಸಂದರ್ಭದಲ್ಲಿ ಸಹಾಯಾರ್ಥ ಯಕ್ಷಗಾನ ಆಡಿಸುವ ರೂಢಿಯಿದೆ; ಗೆಳೆಯರು ಡಿಸೆಂಬರಿನಲ್ಲಿ ಒಂದು ರಾತ್ರಿ ಆಡಿಸಿದರು. 1,78,000 ಸಂಗ್ರಹವಾಯಿತು. ಕಲಾವಿದರ ಗೌರವಧನವನ್ನು ಅವರೇ ಅರ್ಧ ಬಿಟ್ಟುಕೊಟ್ಟರೂ ರಂಗಸ್ಥಳ, ಧ್ವನಿವರ್ಧಕ, ಊಟ ಎಂದು 66,000 ಖರ್ಚಾಗಿ 1,12,000 ಉಳಿಯಿತು. ಅಂದರೆ ಶೇ 37 ಖರ್ಚು, ತಾಣದ್ದು ಶೇ 3.54. ಗುಮಾಸ್ತನ ಕಣ್ಣಿಗೆ ತಾಣವೇ ಅಗ್ಗ. ಆದರೆ ಯಕ್ಷಗಾನದಲ್ಲಿ ಹುಡುಗ ಮುಂದಿನ ಸಾಲಿನಲ್ಲಿ ಬೆಳಗಿನ ತನಕ ಎದ್ದು ಕೂತಿದ್ದ, ಚೌಕಿಗೆ ಹೋಗಿ ವೇಷ ಕಟ್ಟುವುದನ್ನು ನೋಡಿ ಬಂದ. ಇದಕ್ಕೆ ನಮ್ಮ ಖಾತೆಪುಸ್ತಕದಲ್ಲಿ ಕಾಲಮ್ಮು ಇಲ್ಲ.

ಕೂಡಿದ ಹಣ ತಾಣದಿಂದ ಕೈಗೆ ಬರುವುದು ನಿಧಾನ. ತಾಣದವರು ಸಾಮಾನ್ಯವಾಗಿ ಹಣವನ್ನು ನೇರವಾಗಿ ಆಸ್ಪತ್ರೆಯ ಖಾತೆಗೆ ಕಳಿಸುತ್ತಾರೆ, ದುರುಪಯೋಗ ತಡೆಯಲು ಅದು ಒಳ್ಳೆಯ ಕ್ರಮವೇ. ನಮ್ಮ ಪಾಲಿಗೆ ಆಸ್ಪತ್ರೆಯೇ ಇರಲಿಲ್ಲ. ಮೇಸ್ತ್ರಿಗೆ ಜಿಎಸ್‌ಟಿ ಸಂಖ್ಯೆ ಇಲ್ಲ, ಮರಳಿನವನಿಗೆ ಬಿಲ್ಲಿಲ್ಲ. ಮೊದಲ ಕಂತು ಬರಲು 19 ದಿನ ಹಿಡಿಯಿತು. ಆಮೇಲೆ ಸಿಮೆಂಟು, ಟೈಲ್ಸು, ಎತ್ತುಗಾಡಿಗಳ ಪಕ್ಕಾ ಬಿಲ್ಲು ಇದ್ದ ಬಾಬತ್ತುಗಳಿಗೆಲ್ಲ ತಾಣದ ಹಣವನ್ನೂ, ಕೂಲಿಗೂ ಮರಳಿಗೂ ಯಕ್ಷಗಾನದ ಹಣವನ್ನೂ ಬಳಸುವುದೆಂದು ವಿಂಗಡಿಸಿಕೊಂಡ ಮೇಲೆ ಸುಗಮವಾಯಿತು. ಇನ್ನೊಂದು ತೊಡಕು ಕಾಲದ್ದು. ಅಭಿಯಾನ ಜೂನ್ ಕೊನೆಯಲ್ಲಿ ಶುರುವಾಯಿತು, ಪುಟದಲ್ಲಿ ‘ಇನ್ನು 30 ದಿನ ಮಾತ್ರ’ ಎಂದು ಕೆಂಪು ಅಕ್ಷರ ಮಿನುಗುತ್ತಿತ್ತು. ಮಲೆನಾಡಿನಲ್ಲಿ ಜುಲೈ ತಿಂಗಳು ಯಾರೂ ಪಾಯ ತೋಡುವುದಿಲ್ಲ. ಹಣ ಬಂದು ಮೂರು ತಿಂಗಳಾದರೂ ಕೆಲಸ ಕಾಣದೆ ಕೆಲವು ದಾನಿಗಳು ಅನುಮಾನದಿಂದ ವಿಚಾರಿಸಿದರು, ಅವರದೂ ತಪ್ಪಲ್ಲ. ಆಗ ನೆರವಿಗೆ ಬಂದದ್ದು ತಾಣದ ‘ಹೊಸ ವಿವರ’ ಎಂಬ ಸೌಲಭ್ಯ. ಮಳೆಯ ಚಿತ್ರ, ನಕ್ಷೆ, ಬಂದು ಬಿದ್ದ ಕಲ್ಲಿನ ಚಿತ್ರ, ಎಲ್ಲವನ್ನೂ ಹಾಕಿದೆ. ಪ್ರತಿಯೊಬ್ಬ ದಾನಿಗೂ ಅದು ತಲುಪುತ್ತಿತ್ತು. ಈ ಒಂದು ಸೌಲಭ್ಯಕ್ಕೆ ನಾನು ಪೂರ್ಣ ಅಂಕ ಕೊಡುತ್ತೇನೆ. ನವೆಂಬರಿನಲ್ಲಿ ರ‍್ಯಾಂಪಿನ ಚಿತ್ರ ಹಾಕಿದ ವಾರ ಮೊದಲೇ ಕೊಟ್ಟಿದ್ದ 17 ಮಂದಿ ಮತ್ತೊಮ್ಮೆ ಕೊಟ್ಟರು.

ತೆರಿಗೆಯ ಬಗ್ಗೆ ತಾಣ ಒಂದಕ್ಷರವನ್ನೂ ಹೇಳಲಿಲ್ಲ. ಹತ್ತಿರದ ಸಂಬಂಧಿಗಳಲ್ಲದವರಿಂದ ವರ್ಷದಲ್ಲಿ 50,000 ರೂಪಾಯಿಗಿಂತ ಹೆಚ್ಚು ಹಣ ಉಡುಗೊರೆಯಾಗಿ ಬಂದರೆ, ಆಗ ನಮಗೆ ಅನ್ವಯಿಸಿದ 1961ರ ಆದಾಯ ತೆರಿಗೆ ಕಾಯಿದೆಯ ಪ್ರಕಾರ ಆ ಮೊತ್ತ ಪಡೆದವನ ಆದಾಯವಾಗುತ್ತಿತ್ತು. ತಮ್ಮನದು ಎರಡು ಎಕರೆ ಅಡಿಕೆ ತೋಟ. ಬೇರೆ ಆದಾಯ ಇಲ್ಲದ್ದರಿಂದ ರಿಟರ್ನ್ ಸಲ್ಲಿಸುವುದರಲ್ಲಿ ಮುಗಿಯಿತು, ತೆರಿಗೆ ಬೀಳಲಿಲ್ಲ. ಸಂಬಳದವರಾಗಿದ್ದರೆ ಬೀಳಬಹುದಿತ್ತು. ವ್ಯಕ್ತಿಗೆ ಕೊಟ್ಟ ಹಣಕ್ಕೆ ದಾನಿಗೆ ಅದೇ ಕಾಯಿದೆಯ 80ಜಿ ಕಲಮಿನ ತೆರಿಗೆ ವಿನಾಯಿತಿಯೂ ಸಿಗುತ್ತಿರಲಿಲ್ಲ. ನೋಂದಾಯಿತ ಟ್ರಸ್ಟೊಂದು ಹಣ ಸಂಗ್ರಹಿಸಿ ಅಂಗಡಿಗಳಿಗೆ ನೇರವಾಗಿ ಪಾವತಿ ಮಾಡಿದರೆ ಈ ಎರಡೂ ತೊಂದರೆ ತಪ್ಪುತ್ತವೆಂದು ನಮಗೆ ಲೆಕ್ಕಪರಿಶೋಧಕರು ಹೇಳಿದರು, ಎಲ್ಲ ಮುಗಿದ ಮೇಲೆ. ಇಂಗ್ಲೆಂಡಿನ ಸಂಬಂಧಿ ಕೊಡಲು ಬಂದಾಗ ಇನ್ನೊಂದು ಗೋಡೆ ಎದುರಾಯಿತು: ಅವನು ಅಲ್ಲಿನ ಪೌರತ್ವ ಪಡೆದಿರುವುದರಿಂದ 2010ರ ವಿದೇಶಿ ದೇಣಿಗೆ ಕಾಯಿದೆಯ ಕಣ್ಣಿನಲ್ಲಿ ಅವನು ವಿದೇಶಿ ಮೂಲ, ತಾಣ ಅವನ ಕಾರ್ಡನ್ನು ಸ್ವೀಕರಿಸಲಿಲ್ಲ. ದುಬೈಯಲ್ಲಿ ದುಡಿಯುವ, ಭಾರತದ ಪಾಸ್‌ಪೋರ್ಟೇ ಇರುವ ಇನ್ನೊಬ್ಬ ಹುಡುಗ ತನ್ನ ಇಲ್ಲಿನ ಖಾತೆಯಿಂದ ಅಡ್ಡಿಯಿಲ್ಲದೆ ಕಳಿಸಿದ.

ಕೆಲಸ ಹೇಗಾಯಿತೆಂಬುದನ್ನು ಚುಟುಕಾಗಿ ಹೇಳುತ್ತೇನೆ. ಒಂದೂವರೆ ಅಡಿ ಎತ್ತರಕ್ಕೆ 18 ಅಡಿ ರ‍್ಯಾಂಪು ಬೇಕು, ಅಂಗಳ ಇದ್ದದ್ದು 14 ಅಡಿ. ತುಳಸಿಕಟ್ಟೆಯ ಬಳಿ ಐದಡಿ ಸಮತಟ್ಟು ಬಿಟ್ಟು ಮೂಲೆ ತಿರುಗಿಸಿದೆವು. ಮೇಸ್ತ್ರಿ ನುಣುಪಾಗಿ ಗಾರೆ ಮಾಡಲು ಹೊರಟಿದ್ದರು. ಮಳೆಗಾಲದಲ್ಲಿ ಹಾವಸೆ ಕಟ್ಟಿದರೆ ಮನುಷ್ಯರೇ ಜಾರುತ್ತಾರೆಂದು, ಅಡ್ಡ ಗೆರೆ ಕೊರೆಸಿ ಮೇಲೆ ತಗಡಿನ ಮಾಡು ಹಾಕಿಸಿದೆವು. ಹೆಂಚಿನ ಮಾಡಿನ ಪಕಾಸಿಗೆ ಎತ್ತುಯಂತ್ರ ತೂಗುಹಾಕಲಾಗದು, ಆದ್ದರಿಂದಲೇ ನೆಲದ ಮೇಲೆ ಉರುಳುವ ಗಾಡಿ ತಂದದ್ದು. ಅದರ ಕಾಲುಗಳು ಮಂಚದಡಿ ತೂರಬೇಕಾದ್ದರಿಂದ ಅಜ್ಜನ ಕಾಲದ ಪೆಟ್ಟಿಗೆ ಮಂಚವನ್ನು ಅಟ್ಟಕ್ಕೆ ಸೇರಿಸಿ ಕಬ್ಬಿಣದ ಮಂಚ ಹಾಕಿದೆವು. ರೆಡ್ ಆಕ್ಸೈಡ್ ನೆಲ ಹಾಗೇ ಉಳಿಯಿತು, ಗಾಲಿಗೆ ಅದಕ್ಕಿಂತ ಒಳ್ಳೆಯ ನೆಲ ಇಲ್ಲ. ಒಟ್ಟು ಖರ್ಚು 5,87,000. ಎರಡೂ ಸಂಗ್ರಹ ಸೇರಿ 5,33,530. ಉಳಿದ 53,470 ಮನೆಯವರು ಹಾಕಿದ್ದು. ಹೊಸ ಬಚ್ಚಲಿನಲ್ಲಿ 2025ರ ಫೆಬ್ರವರಿ ಮೊದಲ ವಾರ ಅವನು ಮೊದಲ ಸ್ನಾನ ಮಾಡಿದ. ತಾಯಿ ಹೊರಗೆ ನಿಲ್ಲಬೇಕೆಂದೂ, ಕರೆದರೆ ಮಾತ್ರ ಒಳಗೆ ಬರಬೇಕೆಂದೂ ಅವನ ಷರತ್ತು. ಈಗ ಸಂಜೆಯೂ ನೀರು ಕುಡಿಯುತ್ತಾನೆ.

ಮೂರು ಅಂಕದಲ್ಲಿ ಒಂದು ಲೆಕ್ಕದ ಚೊಕ್ಕಟತನಕ್ಕೆ, ಒಂದು ಆ ಅಧಿಕಾರಿ ಹುಡುಗಿಗೆ, ಉಳಿದದ್ದು ದಾನಿಗಳಿಗೆ ವಿವರ ತಲುಪಿಸುವ ವ್ಯವಸ್ಥೆಗೆ. ಅರ್ಜಿಯಲ್ಲಿ ಆಸ್ಪತ್ರೆಯ ಹೆಸರಿನ ಪಕ್ಕದಲ್ಲಿ ‘ಮನೆ’ ಎಂಬ ಇನ್ನೊಂದು ಆಯ್ಕೆ ಇಟ್ಟು, ಥೆರಪಿಯವರ ಅಳತೆಯ ಪುಟವನ್ನೂ ಮೇಸ್ತ್ರಿಯ ಲೆಕ್ಕವನ್ನೂ ದಾಖಲೆಯೆಂದು ಒಪ್ಪಿಕೊಂಡರೆ ನಾಲ್ಕನೆಯದನ್ನು ಕೊಡಲು ನಾನು ಸಿದ್ಧ.

ಕೊನೆಯದಾಗಿ ಒಂದು ಕೋರಿಕೆ. ಕೆಲಸ ಮುಗಿಯಿತೆಂದು ಪುಟವನ್ನು ಮುಚ್ಚಲು ಮೂರು ಸಲ ಬರೆದಿದ್ದೇನೆ. ಹುಡುಗನ ಚಿತ್ರವನ್ನು ತೆಗೆದಿದ್ದಾರೆ, ಪುಟ ಮಾತ್ರ ಹಾಗೇ ಇದೆ. ಗುರಿಯ ಶೇ 73 ತುಂಬಿದೆ ಎಂದು ಹಸಿರು ಪಟ್ಟಿ ತೋರಿಸುತ್ತಿದೆ, ಅದರ ಕೆಳಗೆ ದೇಣಿಗೆಯ ಗುಂಡಿಯೂ ಇದೆ. ಸಾಗರದ ಹುಡುಗನ ಮೆಟ್ಟಿಲುಗಳ ಬಗ್ಗೆ ಅಂಥ ಕೊಂಡಿ ಯಾರ ಮೊಬೈಲಿಗಾದರೂ ಬಂದರೆ ದಯವಿಟ್ಟು ಹಣ ಹಾಕಬೇಡಿ. ಆ ಮೆಟ್ಟಿಲುಗಳು ಈಗ ಇಲ್ಲ.